ಕಾಡಿಗೆ ಅಲ್ಲ, ಮಸ್ಕಾರ

ಇಂಗ್ಲಿಷ್ ಮೇಡಂ ಹೋಗಿಬಿಟ್ಟರಂತೆ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಸಿಕ್ಕಳು. ಸೊಪ್ಪಿನ ಚೀಲವನ್ನ ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ವಿಷಯ ಹೇಳಿದಳು, ಅಷ್ಟರಲ್ಲಿ ಅವಳ ಬಸ್ಸು ಬಂತು, ಹತ್ತಿಕೊಂಡು ಹೊರಟೇಹೋದಳು. ಯಾವಾಗ, ಎಲ್ಲಿ, ಹತ್ತಿರ ಯಾರಿದ್ದರು, ಒಂದೂ ಕೇಳೋಕಾಗಲಿಲ್ಲ. ಅವತ್ತಿನಿಂದ ನನಗೆ ಕೂತಲ್ಲಿ ಕೂರೋಕಾಗ್ತಿಲ್ಲ. ಒಲೆ ಮೇಲೆ ಹಾಲಿಟ್ಟು ಬೀದಿ ಬಾಗಿಲಿಗೆ ಬರ್ತೀನಿ, ಬಾಗಿಲಿಗೆ ಯಾಕೆ ಬಂದೆ ಅಂತ ಗೊತ್ತಾಗದೆ ಒಳಗೆ ಹೋಗ್ತೀನಿ. "ಏನತ್ತೆ ನಿಮ್ಮ ಸಮಾಚಾರ" ಅಂತ ಸೊಸೆ ಮುಖ ಮುಖ ನೋಡ್ತಾಳೆ. ಬರೆದಾದರೂ ನೋಡೋಣ ಅಂತ ಇವತ್ತು ಹಾಳೆ ಹಿಡಿದಿದ್ದೀನಿ.

ಅವರು ನಮ್ಮೂರಿಗೆ ಬಂದದ್ದು ಯುದ್ಧ ನಡೀತಿದ್ದ ಕಾಲದಲ್ಲಿ. ನಾನು ಆಗಷ್ಟೇ ಟ್ರೈನಿಂಗ್ ಮುಗಿಸಿ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಟೀಚರಾಗಿ ಸೇರಿದ್ದೆ. ಪೆಟ್ರೋಲ್ ಸಿಗದೆ ಬಸ್ಸುಗಳು ಹಿಂದುಗಡೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಬೆಂಗಳೂರಿಂದ ಬಂದಿಳಿದವರ ಮೂಗಿನ ಮೇಲೆ, ಕಿವಿಯಲ್ಲಿ, ಎಲ್ಲೆಂದರಲ್ಲಿ ಮಸಿ. ಮೇಡಂ ಅಂಥ ಬಸ್ಸಿನಿಂದಲೇ ಇಳಿದು ನೇರ ಸ್ಕೂಲಿಗೆ ಬಂದರು. ನಮ್ಮ ಜವಾನ ಅವರ ಕಣ್ಣು ನೋಡಿ, "ಮುಖ ತೊಳ್ಕೊಳಿ ತಾಯಿ, ಬಸ್ಸಿನ ಮಸಿ ಮೆತ್ತಿದೆ" ಅಂತ ಚೊಂಬಿನಲ್ಲಿ ನೀರು ತಂದುಕೊಟ್ಟ. ಅವರು ಕೈ ತೊಳೆದರು, ಕಾಲು ತೊಳೆದರು, ಮುಖಕ್ಕೆ ಮಾತ್ರ ಒಂದು ಹನಿ ಸೋಕಿಸಲಿಲ್ಲ. ಎಂಥ ಕೊಳಕು ಹೆಂಗಸಪ್ಪಾ ಅಂದುಕೊಂಡೆ ನಾನು. ಒಂದು ವಾರ ಕಳೆದರೂ ಮಸಿ ಹಾಗೇ ಇತ್ತು. ಆಗ ಊರಿಗೆ ಅರ್ಥವಾಯಿತು, ಅದು ಬಸ್ಸಿನದ್ದಲ್ಲ ಅಂತ.

ನಮ್ಮದು ಸೀರೆ ನೇಯೋ ಊರು. ಯಾರೇ ಹೆಂಗಸು ಬಂದರೂ ನಮ್ಮೋರು ಮೊದಲು ಸೀರೆಯ ಅಂಚು ನೋಡ್ತಾರೆ, ಆಮೇಲೆ ಮುಖ. ಮೇಡಂ ಸೀರೆಗೆ ಅಂಚೇ ಇರಲಿಲ್ಲ. ಹಣೆ ಬರಿದು, ಕೈ ಬರಿದು. ಗಂಡ ಕಂಟೋನ್ಮೆಂಟಿನಲ್ಲಿ ಗುಮಾಸ್ತರಾಗಿದ್ದವರು, ಟೈಫಾಯಿಡ್ ಆಗಿ ತೀರಿಕೊಂಡಿದ್ದರು. ವಯಸ್ಸು ಮೂವತ್ತರ ಒಳಗೆ. ಗಂಡ ಸತ್ತವಳು ಕುಂಕುಮ ಇಡಬಾರದು, ಹೂ ಮುಡಿಯಬಾರದು, ಕಣ್ಣಿಗೆ ಕಾಡಿಗೆ ಹಚ್ಚಬಾರದು. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಮೇಡಂ ಮಿಕ್ಕಿದ್ದೆಲ್ಲ ಬಿಟ್ಟಿದ್ದರು, ಕಣ್ಣಿನದ್ದೊಂದು ಬಿಟ್ಟಿರಲಿಲ್ಲ. ಮಗ್ಗದ ಮನೆಗಳಲ್ಲಿ, ಕೊಳಾಯಿ ಹತ್ತಿರ, ಎಲ್ಲ ಕಡೆ ಅದೇ ಮಾತು. ಯಾರಿಗೋಸ್ಕರ ಹಚ್ಕೊಳ್ತಾಳೆ ಅಂತ.

ಅವರು ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳುವ ಪೈಕಿ ಅಲ್ಲ, ಅಥವಾ ಹಾಗೆ ಕಾಣಿಸಿಕೊಳ್ಳುತ್ತಿದ್ದರು. ಒಂದು ಕಡೆ ನಿಂತ ಜೀವವೇ ಅಲ್ಲ ಅದು. ಪಾಠ ಮಾಡೋವಾಗ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಕಾಪಿ ಪುಸ್ತಕ ತಿದ್ದುತ್ತಿದ್ದದ್ದು ನಿಂತುಕೊಂಡು, ಕಾಫಿ ಕುಡಿಯುತ್ತಿದ್ದದ್ದು ನಡೆದಾಡಿಕೊಂಡು. ಸಂಜೆ ರೈಲ್ವೆ ಗೇಟಿನ ತನಕ ಒಂದು ಸುತ್ತು ಹೋಗ್ತಿದ್ದರು, ಅದನ್ನ ವಾಕಿಂಗು ಅನ್ನೋಕಾಗಲ್ಲ, ಯಾರೋ ಅಟ್ಟಿಸಿಕೊಂಡು ಬರ್ತಿದ್ದಾರೆ ಅನ್ನೋ ಹಾಗೆ ನಡಿಗೆ. ಜೊತೆಗೆ ಹೋಗಿ ನನ್ನ ಚಪ್ಪಲಿ ಉಂಗುಷ್ಠ ಕಿತ್ತುಹೋಗಿ ಬರಿಗಾಲಲ್ಲಿ ಬಂದಿದ್ದೀನಿ. ನಾನೇನು ಸಮಾಧಾನದವಳಾ, ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ಅವರು ಬಾಯಿಗೆ ಸೆರಗು ಮುಚ್ಚಿಕೊಳ್ಳದೆ ನಕ್ಕರು.

ಪಾಠ ಮಾತ್ರ ಎಂಥದ್ದು ಅಂತೀರಿ. ಇಂಗ್ಲಿಷ್ ಪದದ ಅರ್ಥ ಹೇಳಿದ ಹುಡುಗಿ ಕೂತುಕೊಳ್ಳೋಕೆ ಹೋದರೆ ಬಿಡುತ್ತಿರಲಿಲ್ಲ. "ಅರ್ಥ ಆಯ್ತು. ಈಗ ಉಪಯೋಗಿಸು. ಯಾರು ಯಾರಿಗೆ ಅಂತಾರೆ, ಎಲ್ಲಿ ನಿಂತು ಅಂತಾರೆ, ಹೇಳು" ಅಂತ ಪೀಡಿಸೋರು. ಉಪಯೋಗಿಸದ ಮಾತು ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆ ಇದ್ದ ಹಾಗೆ, ಮಡಿಕೆಯಲ್ಲೇ ಹರಿದುಹೋಗುತ್ತೆ ಅನ್ನೋರು. ನೇಕಾರರ ಮಕ್ಕಳಿಗೆ ಇದು ಬೇಗ ತಲೆಗೆ ಹೋಗ್ತಿತ್ತು. ನಮ್ಮ ಸ್ಕೂಲ್ ಕಮಿಟಿ ಅಧ್ಯಕ್ಷರು ನೂಲಿನ ವ್ಯಾಪಾರಿ, ಊರಿಗೆ ಮರ್ಯಾದಸ್ಥರು. ಅವರ ಮಗಳಂತೂ ಅಂಗಡಿಗೆ ಬಂದ ಮದ್ರಾಸಿನ ಗಿರಾಕಿಗೆ ಇಂಗ್ಲಿಷಿನಲ್ಲಿ ಜವಾಬು ಕೊಟ್ಟುಬಿಟ್ಟಳಂತೆ. ಅಪ್ಪ ಆ ಕಥೇನ ಊರಿಗೆಲ್ಲ ಹೇಳಿಕೊಂಡು ತಿರುಗಿದರು.

ಒಂದು ಭಾನುವಾರ ಮೇಡಂಗೆ ಜ್ವರ ಅಂತ ತಿಳಿದು ಗಂಜಿ ಮಾಡಿಕೊಂಡು ಅವರ ಕೋಣೆಗೆ ಹೋದೆ. ಬಾಗಿಲು ಒರಗಿಸಿತ್ತು, ತಳ್ಳಿದೆ. ಚಾಪೆ ಮೇಲೆ ಮಲಗಿದ್ದವರು ತಿರುಗಿ ನೋಡಿದರು. ಎಡಗಣ್ಣಿನ ರೆಪ್ಪೆಗೂದಲು ಪೂರ್ತಿ ಬೆಳ್ಳಗಿತ್ತು. ರೆಪ್ಪೆಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಜಾಗ ಬಿಳಿಚಿಕೊಂಡಿತ್ತು. ತೊನ್ನು.

ಇವತ್ತಿನವರಿಗೆ ಆ ಮಾತಿನ ಭಯ ಗೊತ್ತಿದೆಯೋ ಇಲ್ಲವೋ. ಮನೇಲಿ ಒಬ್ಬರಿಗೆ ತೊನ್ನು ಅಂದರೆ ಆ ಮನೆ ಹೆಣ್ಣು ಯಾರಿಗೂ ಬೇಡ. ಅವರ ಮನೆ ನೀರು ಕುಡಿಯೋಕೂ ಜನ ಹಿಂದೆ ಮುಂದೆ ನೋಡೋರು.

"ನೋಡಿಬಿಟ್ಟಿರಿ" ಅಂದರು ಮೇಡಂ. ಎದ್ದು ಕೂತರು. ಅಡಗಿಸೋ ಪ್ರಯತ್ನವನ್ನೇನೂ ಮಾಡಲಿಲ್ಲ.

"ಡಾಕ್ಟರಿಗೆ ತೋರಿಸಿದಿರಾ?"

"ತೋರಿಸಿದೆ. ನೋಯಲ್ಲ, ಅಂಟಲ್ಲ, ಹೋಗಲ್ಲ ಅಂದರು. ಗಂಡ ಹೋದ ಮೇಲೆ ಶುರುವಾಯ್ತು. ಗಂಜಿ ಅಲ್ಲಿಟ್ಟು ಹೋಗಿಬಿಡಿ, ತಪ್ಪು ತಿಳಿಯಲ್ಲ ನಾನು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಪಕ್ಕದಲ್ಲೇ ಕೂತು, ಅವರು ಕುಡಿದು ಬಿಟ್ಟ ಲೋಟದಲ್ಲೇ ನೀರು ಬಗ್ಗಿಸಿಕೊಂಡು ಕುಡಿದೆ. ಆಮೇಲೆ ಅವರು ಎಲ್ಲ ಹೇಳಿದರು. ಅಪ್ಪ ಅಮ್ಮ ಇಲ್ಲ. ಇರುವವಳು ತಂಗಿ ಒಬ್ಬಳು, ದೇವನಹಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದಾಳೆ. ಕುಂದಾಣದ ಕಡೆಯ ಒಳ್ಳೇ ಮನೆಯವರು ಅವಳನ್ನು ಕೇಳಿಕೊಂಡು ಬಂದಿದ್ದಾರೆ. ಹೊಲ ಗದ್ದೆ ಇರೋ ಮನೆ, ಹುಡುಗ ಒಳ್ಳೆಯವನು, ತಂಗಿ ಮನಸ್ಸಿನಲ್ಲಿ ಆಗಲೇ ಆ ಮನೆ ಸೇರಿಬಿಟ್ಟಿದ್ದಾಳೆ. ಅಕ್ಕನ ಕಣ್ಣು ಹೀಗೆ ಅಂತ ಗೊತ್ತಾದರೆ ಅಲ್ಲಿಗೆ ಮುಗೀತು.

"ತಂಗಿಗೆ ಗೊತ್ತಾ?"

"ಇಲ್ಲ. ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ. ಯಾರಾದರೂ ಕೇಳಿದರೆ ಮುಖದಲ್ಲೇ ಗೊತ್ತಾಗಿಹೋಗುತ್ತೆ. ನೀವೂ ಯಾರಿಗೂ ಹೇಳಕೂಡದು, ಅವಳಿಗಂತೂ ಹೇಳಲೇಕೂಡದು." ನನ್ನ ಕೈಯನ್ನ ತಮ್ಮ ತಲೆ ಮೇಲೆ ಇಡಿಸಿಕೊಂಡು ಆಣೆ ಹಾಕಿಸಿಕೊಂಡರು.

ಆಮೇಲೆ ಜ್ವರದಲ್ಲೇ ಎದ್ದು ಆ ಡಬ್ಬಿ ತೋರಿಸಿದರು. ಬೆರಳುದ್ದದ ತಗಡಿನ ಡಬ್ಬಿ, ಒಳಗೆ ಬೂಟ್ ಪಾಲಿಷ್ ಗಟ್ಟಿಯಾದ ಹಾಗೆ ಕಪ್ಪು ಬಿಲ್ಲೆ, ಪಕ್ಕದಲ್ಲಿ ಗೊಂಬೆಗೆ ಹಲ್ಲುಜ್ಜಿಸಬೇಕು ಅನ್ನೋ ಅಷ್ಟು ಪುಟ್ಟ ಬ್ರಷ್ಷು. ಗಂಡನ ಶುಶ್ರೂಷೆ ಮಾಡಿದ್ದ ಆಂಗ್ಲೋ ಇಂಡಿಯನ್ ನರ್ಸಮ್ಮ ತಂದುಕೊಟ್ಟದ್ದಂತೆ. ಅದರ ಹೆಸರು ಮಸ್ಕಾರ. ಕಾಡಿಗೆ ಯಾಕಾಗಲ್ಲ ಅಂತ ಕೇಳಿದೆ. ಕಾಡಿಗೆ ಬೆರಳಲ್ಲಿ ಕಣ್ಣಿನ ಅಂಚಿಗೆ ಎಳೆಯೋದು, ಕೂದಲಿಗೆ ಹತ್ತಲ್ಲ, ಹತ್ತಿದರೂ ಮಧ್ಯಾಹ್ನದ ಹೊತ್ತಿಗೆ ಕೆನ್ನೆಗೆ ಇಳಿಯುತ್ತೆ ಅಂದರು. ಇದನ್ನ ನೀರಲ್ಲಿ ನೆನೆಸಿ, ಬ್ರಷ್ಷಿನಲ್ಲಿ ತಿಕ್ಕಿ, ಒಂದೊಂದೇ ರೆಪ್ಪೆಗೂದಲಿಗೆ ಹಚ್ಚಬೇಕು. ಸಾಬೂನು ಸೇರಿದ ಪದಾರ್ಥ, ಕಣ್ಣಿಗೆ ಬಿದ್ದರೆ ಉರಿ ತಡೆಯೋಕಾಗಲ್ಲ, ನೀರು ಬಿದ್ದರೆ ಕರಗಿಹೋಗುತ್ತೆ. ಒಂದು ಕಣ್ಣಿಗೆ ಹಚ್ಚಿದರೆ ಸಂಶಯ ಬರುತ್ತೆ ಅಂತ ಎರಡಕ್ಕೂ ಹಚ್ಚುತ್ತಿದ್ದರು.

ಮುಂದಿನ ತಿಂಗಳೇ ಕುಂದಾಣದಿಂದ ಹುಡುಗನ ಸೋದರಮಾವ ಬಂದ. ಸೀರೆ ನೋಡೋಕೆ ಬಂದೆ ಅಂತ ನೆಪ. ಬಂದದ್ದು ಹುಡುಗಿಯ ಅಕ್ಕ ಎಂಥವಳು ಅಂತ ವಿಚಾರಿಸೋಕೆ. ಸ್ಕೂಲಿನ ಜಗಲಿಯಲ್ಲಿ ನಿಂತು ಮೇಡಂ ಕ್ಲಾಸಿನಲ್ಲಿ ಓಡಾಡೋದನ್ನ ನೋಡಿದ. ನಾನು ಎದುರಿಗೆ ಸಿಕ್ಕೆ.

"ಆಯಮ್ಮನ ಯಜಮಾನ್ರು ತೀರ್ಕೊಂಡವ್ರೆ ಅಂದ್ರು, ನಿಜವಾ?" ಅಂದ.

"ಹೌದು."

"ಮತ್ತೆ ಕಣ್ಣಿಗೆ ಅದೇನು ಹಚ್ಕೊಂಡವ್ರೆ?"

ಅವನು ಉತ್ತರಕ್ಕೆ ಕಾಯಲಿಲ್ಲ. ಟವೆಲ್ಲು ಕೊಡವಿಕೊಂಡು ನೇರ ಅಧ್ಯಕ್ಷರ ನೂಲಿನ ಅಂಗಡಿಗೆ ಹೋದ, ಅವರಿಬ್ಬರಿಗೂ ಹಳೇ ಪರಿಚಯ. ಸಾಯಂಕಾಲದೊಳಗೆ ಹೇಳಿ ಕಳಿಸಿದರು. ನಾಳೆ ಕಮಿಟಿಯವರು ಸ್ಕೂಲಿಗೆ ಬರ್ತಾರೆ, ಇಂಗ್ಲಿಷ್ ಮೇಡಂ ಹಾಜರಿರಬೇಕು ಅಂತ.

ಅವತ್ತು ರೈಲ್ವೆ ಗೇಟಿನ ಹತ್ತಿರ ಮೇಡಂ ಹೋಗೋದು, ತಿರುಗೋದು, ಮತ್ತೆ ಹೋಗೋದು. ಗೂಡ್ಸ್ ಗಾಡಿ ಒಂದು ಹಾದುಹೋಯಿತು. ಆಮೇಲೆ ಹೇಳಿದರು, "ನೋಡಿ, ಇವತ್ತು ನಾಳೇಲಿ ನನ್ನ ವಿಷಯ ಏನೋ ಒಂದು ಮಾತು ಕುಂದಾಣಕ್ಕೆ ಹೋಗೇ ಹೋಗುತ್ತೆ. ಒರೆಸಿಕೊಂಡರೆ ತೊನ್ನು ಅಂತ ಹೋಗುತ್ತೆ. ಒರೆಸಿಕೊಳ್ಳದಿದ್ದರೆ ನಡತೆ ಸರಿಯಿಲ್ಲ ಅಂತ ಹೋಗುತ್ತೆ. ನಡತೆ ಕೆಟ್ಟರೆ ನನ್ನೊಬ್ಬಳದು, ನನ್ನನ್ನ ಹೊರಗಿಟ್ಟು ತಂಗೀನ ಮನೆ ತುಂಬಿಸಿಕೊಳ್ಳಬಹುದು. ತೊನ್ನು ಹಾಗಲ್ಲ, ಅದು ವಂಶದ್ದು ಅಂತಾರೆ."

"ಮೇಡಂ, ಊರು ಏನು ಮಾತಾಡ್ತಿದೆ ಗೊತ್ತಾ ನಿಮಗೆ?" ಅಂತ ರೇಗಿದೆ.

"ನನಗೇ ಕೇಳಿಸೋ ಹಾಗೇ ಮಾತಾಡ್ತಾರಲ್ಲ" ಅಂದರು.

ಮಾರನೇ ದಿನ ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಅವರ ಜೊತೆ ಅಧ್ಯಕ್ಷರೂ ಇನ್ನಿಬ್ಬರು ಮೆಂಬರುಗಳೂ ಕೂತಿದ್ದರು. ಜೊತೆಯ ಟೀಚರು ಒಬ್ಬರಿರಲಿ ಅಂತ ನನ್ನನ್ನೂ ಕರೆಸಿದ್ದರು. ಮೇಡಂಗೆ ಕುರ್ಚಿ ತೋರಿಸಿದರು, ಅವರು ಬೇಡ ಅಂದರು. ಅಧ್ಯಕ್ಷರು ಕೆಟ್ಟವರೇನಲ್ಲ, ಅದನ್ನ ಈಗಲೂ ಹೇಳ್ತೀನಿ. ಅವರಿಗೆ ಈ ಕೆಲಸ ಬೇಕಿರಲಿಲ್ಲ.

"ಏನಮ್ಮ ಇದು, ಕಾಡಿಗೆ ಹಚ್ಚೋದು ನಿಮ್ಮಂಥವರಿಗೆ ಸರಿಯಾ?" ಅಂದರು, ಮೇಜು ನೋಡಿಕೊಂಡು.

"ಕಾಡಿಗೆ ಅಲ್ಲ ಸ್ವಾಮಿ, ಮಸ್ಕಾರ."

ಒಬ್ಬ ಮೆಂಬರು ಸ್ವಲ್ಪ ಇಂಗ್ಲಿಷ್ ಬಲ್ಲವರು. ಬೀರುವಿನಿಂದ ಸ್ಕೂಲಿನ ಡಿಕ್ಷನರಿ ತೆಗೆಸಿ ಹುಡುಕಿದರು, ಪದ ಸಿಗಲಿಲ್ಲ. ಸಿಗಲಿಲ್ಲ ಅಂತ ಅವರಿಗೆ ಇನ್ನೂ ಸಿಟ್ಟು ಬಂತು. ಇಲ್ಲದ ಪದ ಹೇಳ್ತಾರಲ್ಲ ಅಂದರು. ಮೇಡಂ ಕ್ಲಾಸಿನಲ್ಲಿದ್ದ ಹಾಗೇ ಶುರುಮಾಡಿದರು. ಅರ್ಥ, ರೆಪ್ಪೆಗೂದಲಿಗೆ ಹಚ್ಚುವ ಬಣ್ಣ. ಕಣ್ಣಿಗಲ್ಲ, ಹುಬ್ಬಿಗಲ್ಲ, ಕೂದಲಿಗೆ ಮಾತ್ರ. ಉಪಯೋಗ, ನಾವು ಕಾಡಿಗೆ ಹಚ್ಚುತ್ತೀವಿ, ಇಡುತ್ತೀವಿ. ಇಂಗ್ಲಿಷಿನಲ್ಲಿ ಮಸ್ಕಾರಾನ ಉಡ್ತಾರೆ, ತೊಡ್ತಾರೆ, ಬಟ್ಟೆಗೆ ಆಡುವ ಮಾತನ್ನೇ ಇದಕ್ಕೂ ಆಡ್ತಾರೆ. ವೇರ್ ಅಂತ. ಆ ದೇಶದಲ್ಲಿ ಗಂಡ ಇದ್ದವಳು, ಇಲ್ಲದವಳು ಅಂತ ಭೇದ ಇಲ್ಲ. ಮೈ ಮುಚ್ಚಿಕೊಳ್ಳೋಕೆ ಬಟ್ಟೆ ಉಟ್ಟ ಹಾಗೆ ಇದನ್ನೂ ಉಡ್ತಾರೆ ಅಂದುಕೊಳ್ಳಿ, ಅಂದರು.

ಮುಚ್ಚಿಕೊಳ್ಳೋದು ಏನು ಅಂತ ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿದ್ದದ್ದು.

ಅಧ್ಯಕ್ಷರು ತಲೆ ಎತ್ತಿದರು. "ನನ್ನ ಮಗಳು ನಾಲ್ಕು ಜನದ ಎದುರು ಬಾಯಿ ಬಿಡೋ ಹಾಗೆ ಮಾಡಿದ್ದು ನೀವು. ನಿಮ್ಮನ್ನ ಕಳ್ಕೊಳ್ಳೋಕೆ ನನಗಿಷ್ಟ ಇಲ್ಲ. ಅಲ್ಲೇ ತೊಟ್ಟಿ ಹತ್ತಿರ ಹೋಗಿ ಮುಖ ತೊಳ್ಕೊಂಡು ಬನ್ನಿ. ನಾವು ನೋಡಿದೀವಿ, ಆಯ್ತು ಅಂತ ಬರೆದುಬಿಡ್ತೀನಿ. ಕುಂದಾಣದೋರಿಗೂ ನಾನೇ ಹೇಳ್ತೀನಿ, ಆಯಮ್ಮ ಬಂಗಾರದಂಥೋರು ಅಂತ."

ಎಷ್ಟು ಸುಲಭವಾಗಿತ್ತು ನೋಡಿ ಅದು. ಬೇರೆ ಯಾರಾಗಿದ್ದರೂ ಓಡಿಹೋಗಿ ತೊಳೆದುಕೊಂಡು ಬರೋರು.

"ಆಗಲ್ಲ ಸ್ವಾಮಿ."

"ಯಾಕಮ್ಮಾ?"

ಸುಳ್ಳು ಕಾರಣ ಬೇಕಾದಷ್ಟಿತ್ತು. ಕಣ್ಣುನೋವಿನ ಔಷಧಿ ಅನ್ನಬಹುದಿತ್ತು, ಆದರೆ ಡಾಕ್ಟರನ್ನ ಕರೆಸಿ ನೋಡಿಸೋರು. ಮೇಡಂ ಒಂದು ಕ್ಷಣ ಕಿಟಕಿ ಕಡೆ ನೋಡಿ, "ನನಗೆ ಇಷ್ಟ, ಅದಕ್ಕೆ" ಅಂದರು.

ಗಂಡ ಸತ್ತವಳು ಮೂರು ಜನ ಗಂಡಸರ ಮುಂದೆ ನಿಂತು ನನಗೆ ಇಷ್ಟ ಅನ್ನೋದು ಆ ಊರಲ್ಲಿ ಯಾರೂ ಕೇಳಿರಲಿಲ್ಲ. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಹೆಡ್‌ಮಿಸ್ಟ್ರೆಸ್ ಸೆರಗಲ್ಲಿ ಮೂಗು ಒರೆಸಿಕೊಂಡರು. ಪರೀಕ್ಷೆ ಮುಗಿಯುವ ತನಕ ಇರಬಹುದು, ಆಮೇಲೆ ಬೇಡ ಅಂತ ತೀರ್ಮಾನವಾಯಿತು.

ಆಮೇಲಿನ ದಿನಗಳು ನನಗೆ ಬೆಂಕಿ ಮೇಲೆ ನಿಂತ ಹಾಗೆ. ಮೇಡಂ ಲೆಕ್ಕ ತಪ್ಪಿ, ಕೆಲಸವೂ ಹೋಗಿ ಸಂಬಂಧವೂ ತಪ್ಪಿದರೆ ಅಂತ. ಬೀದಿಯಲ್ಲಿ ಯಾರು ದೇವನಹಳ್ಳಿ ಕಡೆಯಿಂದ ಬಂದರೂ ಮುಖ ನೋಡ್ತಿದ್ದೆ. ಮೇಡಂ ಕಾಪಿ ಪುಸ್ತಕ ತಿದ್ದಿದ್ದನ್ನೇ ಎರಡನೇ ಸಲ ತಿದ್ದುತ್ತಿದ್ದರು. ಕೊನೆಗೆ ದೇವನಹಳ್ಳಿಯಿಂದ ಮೇಡಂ ಸೋದರಮಾವನೇ ಬಂದರು, ಕೋಣೆಯ ಹೊಸಿಲು ದಾಟಿ ಒಳಗೆ ಬರಲಿಲ್ಲ. ಹೊರಗೇ ನಿಂತು ಹೇಳಿದರು. ಹುಡುಗೀನ ಒಪ್ಪಿದ್ದಾರೆ, ಆ ಮಗು ಏನು ಮಾಡುತ್ತೆ ಪಾಪ ಅಂದರಂತೆ. ಒಂದೇ ಷರತ್ತು, ಅಕ್ಕ ಮದುವೆಗೆ ಬರಕೂಡದು, ಮುಂದೆಯೂ ಹೋಗಿಬರೋದು ಇರಕೂಡದು. "ನಮಗೂ ಅದೇ ಸರಿ ಅನ್ನಿಸ್ತು. ನೀನು ಮಾಡ್ಕೊಂಡಿದ್ದು" ಅಂದರು. ಮೇಡಂ ಆಗಲಿ ಮಾವ ಅಂದರು. ಅವರು ತಿರುಗಿ ಹೋದ ಮೇಲೆ ಬಾಗಿಲು ಹಾಕಿಕೊಂಡು ನನ್ನ ಎರಡು ಕೈಯನ್ನೂ ಹಿಡಿದು ಹಿಂಡಿಬಿಟ್ಟರು. ನಗ್ತಿದ್ದರು. ನನಗೆ ಮಾತ್ರ ಅಳು ತಡೆಯೋಕಾಗಲಿಲ್ಲ.

ತಂಗಿಯ ಮದುವೆಯ ದಿನ ಅವರು ರಜ ಹಾಕಲಿಲ್ಲ. ಡಿಕ್ಟೇಷನ್ ಕೊಡ್ತಾ ಎಷ್ಟು ಬೇಗ ಬೇಗ ಓದಿದರೆಂದರೆ ಹುಡುಗಿಯರಿಗೆ ಬರೆದುಕೊಳ್ಳೋಕಾಗಲಿಲ್ಲ. ಮದುವೆ ಕಾಲ, ನಮ್ಮೂರಲ್ಲೂ ಯಾರದೋ ಮನೆಯ ವಾಲಗ ಕೇಳಿಸಿತು. ಕ್ಲಾಸಿನ ನಡುವೆ ನಿಂತುಬಿಟ್ಟರು. ಜಗಲಿಯಲ್ಲಿ ನನ್ನನ್ನ ಕಂಡು, "ಧಾರೆ ಆಗಿರುತ್ತಲ್ವಾ ಇಷ್ಟೊತ್ತಿಗೆ?" ಅಂದರು. ಆಗಿರುತ್ತೆ ಅಂದೆ. ಅಳೋ ಹಾಗೂ ಇರಲಿಲ್ಲ ಅವರು, ಅತ್ತರೆ ಕಪ್ಪು ಕರಗಿ ಎಲ್ಲ ಬಯಲಾಗ್ತಿತ್ತು. ಗಟ್ಟಿಯಾಗಿ ಕಣ್ಣು ಬಿಟ್ಟುಕೊಂಡು ಛಾವಣಿ ನೋಡಿದರು, ಮತ್ತೆ ಒಳಗೆ ಹೋದರು.

ಪರೀಕ್ಷೆ ಮುಗಿಯಿತು, ಅವರು ಕಂಟೋನ್ಮೆಂಟಿಗೆ ಹೊರಟುಹೋದರು. ಬೀಳ್ಕೊಡೋಕೆ ಬಂದವಳು ನಾನೊಬ್ಬಳೇ.

ಯುದ್ಧ ಮುಗಿದು, ಸ್ವಾತಂತ್ರ್ಯವೂ ಬಂದ ಮೇಲೆ, ನಮ್ಮ ನಂಟರ ಮನೆ ನಾಮಕರಣಕ್ಕೆ ದೇವನಹಳ್ಳಿಗೆ ಹೋಗಿದ್ದೆ. ಅಲ್ಲಿ ಒಬ್ಬ ಹೆಂಗಸು, ಕಂಕುಳಲ್ಲಿ ಹೆಣ್ಣುಮಗು, ಮುಖದ ಕಟ್ಟು ಥೇಟ್ ಮೇಡಂದೇ. ಅವಳೇ ಬಂದು ಮಾತಾಡಿಸಿದಳು. "ನೀವು ದೊಡ್ಡಬಳ್ಳಾಪುರದಲ್ಲಿ ನಮ್ಮಕ್ಕನ ಜೊತೆ ಟೀಚರಾಗಿದ್ದೋರಲ್ವಾ?"

ಹೌದಮ್ಮ ಅಂದೆ. ಅವಳ ಅತ್ತೆ ಪಕ್ಕದಲ್ಲೇ ನಿಂತಿದ್ದರು.

"ಚೆನ್ನಾಗಿದಾಳಾ ಅವಳು?" ಅಂದಳು. ಉತ್ತರಕ್ಕೆ ಕಾಯದೆ ದನಿ ಒಡೆಯಿತು. "ಒಂದು ಸಲ ಮುಖ ತೊಳ್ಕೊಂಡಿದ್ರೆ ಏನು ಹೋಗ್ತಿತ್ತಕ್ಕಾ ಅವಳ ಗಂಟು? ನನ್ನ ಮದುವೇಲಿ ಒಡಹುಟ್ಟಿದೋರು ಅಂತ ಒಬ್ಬರಿರಲಿಲ್ಲ. ನನಗಿಂತ ಆ ಕಪ್ಪೇ ಹೆಚ್ಚಾಯ್ತಲ್ಲ ಅವಳಿಗೆ."

ನಾಲಿಗೆ ತುದಿಗೆ ಬಂದಿತ್ತು. ಆಣೆ ಗೀಣೆ ಎಲ್ಲ ಮರೆತುಹೋಗಿತ್ತು. ಅಷ್ಟರಲ್ಲಿ ಅತ್ತೆ ಸೊಸೆಯ ಬೆನ್ನು ಸವರಿ, "ಬಿಡಮ್ಮಿ, ಅಂಥೋಳ ಸುದ್ದಿ ಯಾಕೆ, ನಿನಗೇನು ಕಮ್ಮಿ ಆಗದೆ ಈಗ" ಅಂದರು. ಒಳ್ಳೇ ಹೆಂಗಸು, ಸೊಸೆ ಅಂದರೆ ಜೀವ. ಸೊಸೆ ಮತ್ತೆ ಬಸುರಿ. ಆ ಮಗು ನನ್ನನ್ನೇ ನೋಡ್ತಿತ್ತು.

"ಏನೋಮ್ಮ, ಅವರಿಗೆ ಅದರ ಹುಚ್ಚು ಸ್ವಲ್ಪ ಜಾಸ್ತಿನೇ ಇತ್ತು" ಅಂದುಬಿಟ್ಟೆ.

ಊಟಕ್ಕೆ ನಿಲ್ಲಲಿಲ್ಲ ನಾನು. ಮನೆಗೂ ಹೋಗಲಿಲ್ಲ, ಸೀದಾ ಬೆಂಗಳೂರಿನ ಗಾಡಿ ಹತ್ತಿ ಕಂಟೋನ್ಮೆಂಟಿಗೆ ಹೋದೆ. ಮೇಡಂ ಒಂದು ಔಟ್‌ಹೌಸಿನಲ್ಲಿದ್ದರು, ನರ್ಸುಗಳಿಗೆ ಕನ್ನಡ ಹೇಳಿಕೊಡ್ತಿದ್ದರು. ಬಾಗಿಲು ತೆಗೆದಾಗ ಎರಡು ಕಣ್ಣಿನ ರೆಪ್ಪೆಗೂದಲೂ ಬೆಳ್ಳಗಿತ್ತು, ಬಿಳುಪು ಕೆನ್ನೆಗೆ ಇಳಿದಿತ್ತು. ಯಾವ ಕಪ್ಪೂ ಹಚ್ಚಿರಲಿಲ್ಲ. "ಇಲ್ಲಿ ಯಾರಿಗೋಸ್ಕರ ಹಚ್ಚಲಿ" ಅಂದರು.

ಎಲ್ಲ ಹೇಳಿದೆ. ತಂಗಿ ಅಂದದ್ದು, ಅತ್ತೆ ಅಂದದ್ದು, ನಾನು ಅಂದದ್ದು. ಹೇಳೋವಾಗ ನನಗೇ ಅವರ ಮುಖ ನೋಡೋಕಾಗಲಿಲ್ಲ. ನನ್ನನ್ನ ಬೈದರೆ ಬೈಲಿ, ಅತ್ತರೆ ಅಳಲಿ ಅಂತ ಕಾದೆ. ಅವರು ಆ ಯಾವ ಮಾತನ್ನೂ ಎತ್ತಿಕೊಳ್ಳಲಿಲ್ಲ.

"ಮಗೂನ ಹತ್ತಿರದಿಂದ ನೋಡಿದ್ರಾ?" ಅಂದರು.

"ನೋಡಿದೆ."

"ರೆಪ್ಪೆಗೂದಲು?"

"ಕಪ್ಪಗಿದೆ ಮೇಡಂ. ಎರಡು ಕಣ್ಣಿಂದೂ ಕಪ್ಪಗೆ, ಒತ್ತಾಗಿದೆ."

"ಇನ್ನೊಂದು ಸಲ ಹೇಳಿ" ಅಂದರು.

ಹೇಳಿದೆ.